ನೂಲು ಬಿಚ್ಚಿದ ಮೇಲೆ ಉಳಿಯುವ ಹುಳು

ಒಂದು ಕಿಲೋ ಕಚ್ಚಾ ರೇಷ್ಮೆ ತೆಗೆಯುವಷ್ಟರಲ್ಲಿ ಬಿಚ್ಚಾಣಿಕೆಯ ತೊಟ್ಟಿಯಲ್ಲಿ ಸುಮಾರು ಎಂಟು ಕಿಲೋ ಬೆಂದ ಹುಳು ಉಳಿಯುತ್ತದೆ. ಒಣಗಿಸಿದರೆ ಅದು ಎರಡು ಕಿಲೋಗೆ ಇಳಿಯುತ್ತದೆ. ಈ ಲೆಕ್ಕ ಹಿಡಿದರೆ ಅರ್ಧ ಕಿಲೋ ತೂಗುವ ಒಂದು ರೇಷ್ಮೆ ಸೀರೆಯ ಹಿಂದೆ ಕಡಿಮೆಯೆಂದರೂ ಒಂದು ಕಿಲೋ ಒಣ ಹುಳು ಇದೆ. ಮೊಟ್ಟೆ ಕೋಳಿಯ ಆಹಾರಕ್ಕೆ ಈ ಹುಳುವಿನ ಪುಡಿಯನ್ನು ನೂರಕ್ಕೆ ಐದರಷ್ಟು ಬೆರೆಸಿದರೆ ಒಂದು ಕಿಲೋ ಪುಡಿ ಇಪ್ಪತ್ತು ಕಿಲೋ ಆಹಾರಕ್ಕೆ ಸಾಕು. ದಿನಕ್ಕೆ 110 ಗ್ರಾಂ ತಿನ್ನುವ ಕೋಳಿಗೆ ಇಪ್ಪತ್ತು ಕಿಲೋ ಆಹಾರ ಆರು ತಿಂಗಳು ಬರುತ್ತದೆ. ಮದುವೆಗೆಂದು ತಂದ ಒಂದು ಸೀರೆ ಹಿತ್ತಿಲ ಒಂದು ಕೋಳಿಗೆ ಅರ್ಧ ವರ್ಷದ ಹುಳುವನ್ನು ಒದಗಿಸಿಟ್ಟೇ ಅಂಗಡಿಗೆ ಬಂದಿರುತ್ತದೆ.

ಕೋಳಿಗೆ ಕೀಟಗಳ ಪುಡಿ ತಿನ್ನಿಸುವ ಮಾತು ಈಗ ಜಗತ್ತಿನ ಎಲ್ಲೆಡೆ ಕೇಳಿಬರುತ್ತಿದೆ. ಹುಚ್ಚುದನ ರೋಗದ ನಂತರ 2001ರಲ್ಲಿ ಸಾಕುಪ್ರಾಣಿಗಳ ಆಹಾರದಿಂದ ಪ್ರಾಣಿಜನ್ಯ ಪ್ರೋಟೀನನ್ನು ಹೊರಗಿಟ್ಟಿದ್ದ ಯುರೋಪಿಯನ್ ಒಕ್ಕೂಟ, 2021ರ ಸೆಪ್ಟೆಂಬರಿನಲ್ಲಿ ಕೋಳಿ ಮತ್ತು ಹಂದಿಗಳಿಗೆ ಕೀಟದ ಪ್ರೋಟೀನ್ ಕೊಡಬಹುದೆಂದಿತು. ಒಪ್ಪಿಗೆ ಪಡೆದ ಕೀಟಗಳ ಪಟ್ಟಿಗೆ ಅದೇ ವರ್ಷದ ಕೊನೆಯಲ್ಲಿ ರೇಷ್ಮೆ ಹುಳುವೂ ಸೇರಿತು. ಅಲ್ಲಿಯ ಕಂಪನಿಗಳು ಕೋಟಿಗಟ್ಟಲೆ ಸುರಿದು ಹುಳು ಸಾಕುವ ಕಾರ್ಖಾನೆ ಕಟ್ಟಬೇಕು. ನಮ್ಮಲ್ಲಿ ಹುಳು ಆಗಲೇ ಬೆಂದು ಕೂತಿದೆ. ಮೈಸೂರಿನ ಜಂಬೂಸವಾರಿ ಬಂದು ಮುಗಿಯುವ ಬನ್ನಿಮಂಟಪದಿಂದ ಬೆಂಗಳೂರು ರಸ್ತೆ ಹಿಡಿದರೆ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಸುಮಾರು ನೂರು ಕಿಲೋಮೀಟರು. ಇನ್ನೊಂದು ದಿಕ್ಕಿಗೆ ತಿ. ನರಸೀಪುರದ ಫಿಲೇಚರ್, ಅಂದರೆ ನೂಲು ಬಿಚ್ಚುವ ಕಾರ್ಖಾನೆ, ಮೂವತ್ತರ ಆಸುಪಾಸು. ಊರೊಳಗೆ 1912ರಲ್ಲಿ ಶುರುವಾದ ರೇಷ್ಮೆ ನೇಯ್ಗೆ ಕಾರ್ಖಾನೆಯಿದೆ, ಶ್ರೀರಾಂಪುರದಲ್ಲಿ 1961ರಲ್ಲಿ ಸ್ಥಾಪನೆಯಾದ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯಿದೆ. ಹಾಗಾಗಿ ಮೈಸೂರಿನಲ್ಲಿ ಹತ್ತಿಪ್ಪತ್ತು ಕೋಳಿ ಸಾಕುವವರಾಗಲಿ, ಹೊರವಲಯದಲ್ಲಿ ಸಾವಿರ ಕೋಳಿಯ ಶೆಡ್ ಇಟ್ಟವರಾಗಲಿ ಕೇಳಬೇಕಾದದ್ದು ಯಾವ ಹುಳುವನ್ನು ಸಾಕೋಣ ಎಂದಲ್ಲ. ಈ ಹುಳು ತೊಟ್ಟಿಯಿಂದ ಮೇಲೆ ಬಂದ ಎಷ್ಟು ಹೊತ್ತಿಗೆ ಒಣಗಿತು ಎಂದು ಕೇಳಬೇಕು. ಪೌಷ್ಟಿಕತೆಯ ವಿಷಯದಲ್ಲಿ ದೊಡ್ಡ ವಿವಾದವೇನೂ ಉಳಿದಿಲ್ಲ, ಸೋಲುವುದೆಲ್ಲ ಒಣಗಿಸುವಲ್ಲಿ.

ಮೊದಲು, ಪ್ರೋಟೀನಿಗೆ ಬದಲಿ ಯಾಕೆ ಬೇಕು ಎನ್ನುವುದು. ಮೊಟ್ಟೆಯ ಉತ್ಪಾದನಾ ವೆಚ್ಚದಲ್ಲಿ ಮೂರನೇ ಎರಡರಷ್ಟೋ ಅದಕ್ಕಿಂತ ಹೆಚ್ಚೋ ಹೋಗುವುದು ಆಹಾರಕ್ಕೆ. ಆಹಾರದಲ್ಲಿ ಹೊಟ್ಟೆ ತುಂಬಿಸುವುದು ಮುಸುಕಿನ ಜೋಳ, ಕಿಸೆ ಖಾಲಿ ಮಾಡುವುದು ಸೋಯಾ ಹಿಂಡಿ. 2021ರಲ್ಲಿ ಸೋಯಾ ದರ ಗಗನಕ್ಕೇರಿದಾಗ ಕೋಳಿ ಸಾಕಣೆದಾರರ ಕೂಗಿಗೆ ಕಿವಿಗೊಟ್ಟ ಕೇಂದ್ರ ಸರ್ಕಾರ, ಕುಲಾಂತರಿ ಸೋಯಾದಿಂದ ತೆಗೆದ 12 ಲಕ್ಷ ಟನ್ ಹಿಂಡಿಯ ಆಮದಿಗೆ ಆ ಆಗಸ್ಟಿನಲ್ಲಿ ಅನುಮತಿ ಕೊಡಬೇಕಾಯಿತು. ಒಂದೇ ಕಾಳಿನ ಮೇಲೆ ಇಡೀ ಉದ್ಯಮ ಒರಗಿ ನಿಂತರೆ ಹೀಗೇ ಆಗುವುದು. ಹಿಂದೆ ಸೋಯಾ ಜೊತೆಗೆ ಒಣಮೀನಿನ ಪುಡಿಯೂ ಇರುತ್ತಿತ್ತು. ಮರಳು, ಉಪ್ಪು, ಯೂರಿಯಾ ಬೆರೆಸಿ ಬೆರೆಸಿ ಅದರ ಮೇಲಿನ ನಂಬಿಕೆಯನ್ನು ವ್ಯಾಪಾರಿಗಳೇ ಕೆಡಿಸಿದರು. ರೇಷ್ಮೆ ಹುಳುವಿನ ಪುಡಿ ಕೂರಬೇಕಾದದ್ದು ಮೀನಿನ ಪುಡಿ ಬಿಟ್ಟುಹೋದ ಆ ಜಾಗದಲ್ಲಿ. ಸೋಯಾವನ್ನು ಅದು ಪೂರ್ತಿ ಓಡಿಸುವುದಿಲ್ಲ, ಅದರ ಒಂದಷ್ಟು ಪಾಲನ್ನು ಹೊರುತ್ತದೆ.

ಒಣಗಿದ ಹುಳುವಿನಲ್ಲಿ ನೂರಕ್ಕೆ ಐವತ್ತರಷ್ಟು ಪ್ರೋಟೀನ್, ಇಪ್ಪತ್ತೈದರಿಂದ ಮೂವತ್ತರಷ್ಟು ಎಣ್ಣೆ. ಎಣ್ಣೆ ತೆಗೆದ ಹಿಂಡಿಯಲ್ಲಿ ಪ್ರೋಟೀನ್ ಅರವತ್ತೈದನ್ನು ದಾಟುತ್ತದೆ. ಸೋಯಾ ಹಿಂಡಿಯದ್ದು ನಲವತ್ತೈದರ ಆಸುಪಾಸು. ಸಂಖ್ಯೆಗಿಂತ ಮುಖ್ಯವಾದದ್ದು ಒಳಗಿನ ಅಮೈನೋ ಆಮ್ಲಗಳ ಹೊಂದಾಣಿಕೆ. ಸೋಯಾದಲ್ಲಿ ಮೆಥಿಯೋನಿನ್ ಕಡಿಮೆ, ಅದಕ್ಕೇ ಕಾರ್ಖಾನೆಯ ಫೀಡಿಗೆಲ್ಲ ಮೆಥಿಯೋನಿನ್ ಪುಡಿಯನ್ನು ಬೇರೆಯಾಗಿ ಸೇರಿಸುತ್ತಾರೆ. ಗರಿ ಮೂಡುವುದಕ್ಕೂ ಮೊಟ್ಟೆಯ ಗಾತ್ರಕ್ಕೂ ಬೇಕಾದದ್ದು ಅದೇ. ರೇಷ್ಮೆ ಹುಳುವಿನಲ್ಲಿ ಮೆಥಿಯೋನಿನ್ ಮತ್ತು ಲೈಸಿನ್ ಎರಡೂ ಧಾರಾಳ. ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಪ್ರಯೋಗಾಲಯ ಅಳೆಯುವುದು ಸಾರಜನಕವನ್ನು. ಅದನ್ನು 6.25ರಿಂದ ಗುಣಿಸಿ ಪ್ರೋಟೀನ್ ಎಂದು ಬರೆಯುತ್ತದೆ. ಕೀಟದ ಚರ್ಮದಲ್ಲಿರುವ ಕೈಟಿನ್ ಎಂಬ ಗಟ್ಟಿ ವಸ್ತುವಿನಲ್ಲೂ ಸಾರಜನಕವಿದೆ, ಕೋಳಿಗೆ ಅದರಿಂದ ಸಿಗುವುದು ಅಷ್ಟಕ್ಕಷ್ಟೇ. ಆದ್ದರಿಂದ ಚೀಟಿಯ ಮೇಲೆ 65 ಎಂದಿದ್ದರೆ ಕೈಗೆ ಹತ್ತುವುದು ಸ್ವಲ್ಪ ಕಡಿಮೆಯೆಂದೇ ಹಿಡಿಯಬೇಕು. ಕೈಟಿನ್ ಕೋಳಿಯ ಕರುಳಿಗೆ ಒಳ್ಳೆಯದು ಎಂಬ ಪ್ರಚಾರವೂ ಈಚೆಗೆ ಶುರುವಾಗಿದೆ. ಅದನ್ನು ನಂಬಿ ಎರಡು ರೂಪಾಯಿ ಹೆಚ್ಚು ಕೊಡುವ ಅಗತ್ಯ ನನಗಂತೂ ಕಾಣುವುದಿಲ್ಲ.

ಈಗ ಎಣ್ಣೆಯ ವಿಷಯ, ಎಲ್ಲ ತಕರಾರಿನ ಮೂಲ. ಗೂಡನ್ನು ಬಿಸಿಗಾಳಿಗೋ ಹಬೆಗೋ ಹಿಡಿದಾಗ ಒಳಗಿನ ಹುಳು ಸಾಯುತ್ತದೆ. ಆಮೇಲೆ ಗೂಡು ಕುದಿಯುವ ಹಂತಕ್ಕೆ ಸಮೀಪದ ನೀರಿನಲ್ಲಿ ಬೇಯುತ್ತದೆ, ಎಳೆ ಸಿಕ್ಕಿ ನೂಲು ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಕೊನೆಗೆ ತೆಳ್ಳನೆಯ ಪೊರೆಯೊಳಗೆ ಕಂದುಬಣ್ಣದ ಹುಳು ಉಳಿಯುತ್ತದೆ, ಕಡಲೆಬೀಜಕ್ಕಿಂತ ಕೊಂಚ ದೊಡ್ಡದು, ಒತ್ತಿದರೆ ಮೆತ್ತಗೆ. ತೊಟ್ಟಿಯಿಂದ ತೆಗೆದ ಆ ಗಳಿಗೆಯಲ್ಲಿ ಅದು ಎರಡು ಸಲ ಬೆಂದ, ಬಹುಮಟ್ಟಿಗೆ ಶುದ್ಧವಾದ ಆಹಾರ. ಕೆಡುಕು ಅಲ್ಲಿಂದ ಶುರು. ಮುಕ್ಕಾಲು ಪಾಲು ನೀರು, ಉಳಿದದ್ದರಲ್ಲಿ ಪ್ರೋಟೀನ್ ಮತ್ತು ಎಣ್ಣೆ, ಮೇಲೆ ನಮ್ಮ ಬಿಸಿಲು: ಕೊಳೆಯುವುದಕ್ಕೆ ಇನ್ನೇನು ಬೇಕು? ಮಂಕರಿಯಲ್ಲಿ ರಾಶಿ ಬಿದ್ದ ಹುಳು ಬೆಳಗಿನಿಂದ ಸಂಜೆಯೊಳಗೆ ನಾರುತ್ತದೆ. ಅದರ ಎಣ್ಣೆಯಲ್ಲಿ ಲಿನೋಲೆನಿಕ್ ಆಮ್ಲದ ಪಾಲು ದೊಡ್ಡದು. ಅಗಸೆಬೀಜದ ಎಣ್ಣೆಯಲ್ಲಿರುವ ಅದೇ ಒಮೆಗಾ-3. ಮೊಟ್ಟೆಯ ಹಳದಿಗೆ ಅದು ಇಳಿದರೆ ತಿನ್ನುವವರಿಗೆ ಲಾಭವೇ. ಆದರೆ ಇಂಥ ಎಣ್ಣೆ ಬಹುಬೇಗ ಗಾಳಿ ಕುಡಿದು ಕಮಟುತ್ತದೆ. ಕಮಟಿದ ಎಣ್ಣೆ ಆಹಾರದಲ್ಲಿನ ಇ ಜೀವಸತ್ವವನ್ನು ಸುಡುತ್ತದೆ, ಕೋಳಿಯ ಬಾಯಿರುಚಿ ಕೆಡಿಸುತ್ತದೆ, ಮೊಟ್ಟೆಗೆ ಮೀನುವಾಸನೆ ತರುತ್ತದೆ. ರೇಷ್ಮೆ ಹುಳು ಕೊಟ್ಟರೆ ಮೊಟ್ಟೆ ನಾರುತ್ತದೆ ಎಂಬ ಹಳೆಯ ದೂರಿಗೆ ಕಾರಣ ಹುಳುವಲ್ಲ, ಹುಳು ರಾಶಿಯಲ್ಲಿ ಕಳೆದ ಆ ಹತ್ತೆಂಟು ಗಂಟೆ. ಬಂದ ದಿನವೇ ತೆಳುವಾಗಿ ಹರಡಿ, ತೇವಾಂಶ ನೂರಕ್ಕೆ ಹತ್ತಕ್ಕೆ ಇಳಿಯುವವರೆಗೆ ಒಣಗಿಸಿ, ಸಾಧ್ಯವಾದರೆ ಎಣ್ಣೆ ತೆಗೆಸಿದರೆ ದೂರಿನ ಬಹುಪಾಲು ಅಲ್ಲಿಗೇ ಮುಗಿಯಿತು. ತೆಗೆದ ಎಣ್ಣೆಗೂ ಸೋಪಿನಂಥ ಕೈಗಾರಿಕೆಗಳಲ್ಲಿ ಗಿರಾಕಿಯಿದೆ.

ಕೊಳ್ಳುವವರು ಮಾಲಿನ ಗುಣವನ್ನು ಮನೆಯಲ್ಲೇ ಬಹುಮಟ್ಟಿಗೆ ಪರೀಕ್ಷಿಸಬಹುದು. ಸಾಧ್ಯವಿದ್ದರೆ ಪುಡಿಯನ್ನು ಕೊಳ್ಳಬೇಡಿ, ಇಡಿ ಒಣಹುಳುವನ್ನು ಕೊಂಡು ಗಿರಣಿಯಲ್ಲಿ ಒಡೆಸಿ. ಇಡಿ ಹುಳುವಿನಲ್ಲಿ ಮೋಸಕ್ಕೆ ಜಾಗ ಕಡಿಮೆ. ಚೆನ್ನಾಗಿ ಒಣಗಿದ ಹುಳು ಬೆರಳ ನಡುವೆ ಚಟ್ಟನೆ ಮುರಿಯಬೇಕು, ಬಗ್ಗಿದರೆ ಇನ್ನೂ ಹಸಿ. ಬಣ್ಣ ಹುರಿದ ಕಾಫಿಬೀಜದ ತಿಳಿಕಂದು ಇದ್ದರೆ ಸರಿ, ಕಪ್ಪಗಿದ್ದು ಬೂದಿಯಂಥ ಬೂಸ್ಟು ಕಂಡರೆ ಬೇಡ. ಪುಡಿಯನ್ನೇ ಕೊಳ್ಳಬೇಕಾದರೆ ಗಾಜಿನ ಲೋಟದ ಬಿಸಿನೀರಿಗೆ ಒಂದು ಚಮಚ ಹಾಕಿ ಕಲಕಿ ಬಿಡಿ. ಮರಳಿದ್ದರೆ ಕ್ಷಣದಲ್ಲಿ ತಳಕ್ಕಿಳಿದು ಕೂರುತ್ತದೆ. ಮೇಲೆ ಎಣ್ಣೆಯ ಪಸೆ ದಪ್ಪಗಿದ್ದರೆ ಎಣ್ಣೆ ತೆಗೆದದ್ದು ಎಂಬ ಮಾತು ಸುಳ್ಳು. ಹಬೆಯ ಜೊತೆ ಬರುವ ವಾಸನೆಯಲ್ಲೇ ಕಮಟು ಗೊತ್ತಾಗುತ್ತದೆ. ಯೂರಿಯಾ ಬೆರೆಸಿದ್ದಾರೆಯೇ ಎಂದು ತಿಳಿಯಲು ಹಸಿ ಸೋಯಾಕಾಳನ್ನು ಕುಟ್ಟಿದ ಒಂದು ಚಮಚ ಹಿಟ್ಟು, ಒಂದು ಚಮಚ ಹುಳುಪುಡಿ, ಎರಡು ಚಮಚ ನೀರು ಇಷ್ಟನ್ನು ಚಿಕ್ಕ ಬಾಟಲಿಯಲ್ಲಿ ಕಲಸಿ, ಮುಚ್ಚಳ ಬಿಗಿದು, ಅರ್ಧ ಗಂಟೆ ಬೆಚ್ಚಗೆ ಇಡಿ. ಹಸಿ ಸೋಯಾದಲ್ಲಿರುವ ಯೂರಿಯೇಸ್ ಎಂಬ ಕಿಣ್ವ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ. ತೆರೆದ ಕೂಡಲೇ ಮೂಗಿಗೆ ಚುಚ್ಚಿದರೆ ಆ ಮಾಲು ವಾಪಸ್. ಕೊಳೆತ ಹುಳುವೂ ಕೆಲವೊಮ್ಮೆ ಅಮೋನಿಯಾ ಬಿಡುತ್ತದೆ ನಿಜ, ಆದರೆ ಅದನ್ನೂ ಹಿಂತಿರುಗಿಸಬೇಕಾದದ್ದೇ. ಪುಡಿ ಮಾಡುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಈ ಧೂಳು ಕೆಲವರಿಗೆ ಉಬ್ಬಸ ತರುತ್ತದೆ. ಎಣ್ಣೆ ತೆಗೆಯದ ಪುಡಿಯನ್ನು ಒಂದು ತಿಂಗಳಿಗಿಂತ ಹೆಚ್ಚು ಇಡಬೇಡಿ.

ಎಷ್ಟು ಬೆರೆಸಬೇಕು? ನೂರಕ್ಕೆ ಐದು ನೆಮ್ಮದಿಯ ಅಳತೆ. ಎಣ್ಣೆ ತೆಗೆದದ್ದು ನಂಬಿಕಸ್ತ ಮಾಲಾದರೆ ಎಂಟರವರೆಗೆ ಹೋಗಬಹುದು, ಅದರಾಚೆಗೆ ಹೋಗಿ ಗಳಿಸುವುದೇನಿಲ್ಲ. ನೂರು ಕಿಲೋ ಆಹಾರಕ್ಕೆ ಮುಸುಕಿನ ಜೋಳದ ನುಚ್ಚು 54 ಕಿಲೋ, ಸೋಯಾ ಹಿಂಡಿ 17, ಎಣ್ಣೆ ತೆಗೆದ ಹುಳುಪುಡಿ 5, ಅಕ್ಕಿ ತೌಡು 11, ಕಪ್ಪೆಚಿಪ್ಪಿನ ನುಚ್ಚು 10, ಉಪ್ಪು ಸೇರಿದಂತೆ ಖನಿಜ-ಜೀವಸತ್ವ ಮಿಶ್ರಣ 3 ಇಟ್ಟುಕೊಂಡರೆ ಪ್ರೋಟೀನ್ ನೂರಕ್ಕೆ ಹದಿನೇಳರ ಹತ್ತಿರ, ಸುಣ್ಣದಂಶ ನಾಲ್ಕರ ಹತ್ತಿರ ಬರುತ್ತದೆ. ಮೊಟ್ಟೆಯಿಡುವ ಕೋಳಿಗೆ ಬೇಕಾದದ್ದು ಅಷ್ಟೇ. ಕಪ್ಪೆಚಿಪ್ಪನ್ನು ಮಾತ್ರ ಬಿಡಬೇಡಿ. ಹುಳು ತಿನ್ನುತ್ತದಲ್ಲ ಎಂದು ಅದನ್ನು ಕಡಿಮೆ ಮಾಡಿದವರು ತೆಳುಚಿಪ್ಪಿನ ಮೊಟ್ಟೆ ಎಣಿಸುತ್ತಾ ಕೂರಬೇಕಾಗುತ್ತದೆ, ರೇಷ್ಮೆ ಹುಳುವಿನಲ್ಲಿ ಸುಣ್ಣ ಕಡಿಮೆ. ಬನ್ನಿಮಂಟಪದ ಮನೆಯೊಂದರ ಹಿತ್ತಿಲಲ್ಲಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜವೋ ಸ್ವರ್ಣಧಾರವೋ ಹತ್ತು ಇದ್ದರೆ ತಿಂಗಳಿಗೆ ಬೇಕಾಗುವ ಹುಳುಪುಡಿ ಎರಡು ಕಿಲೋದೊಳಗೆ. ಅಷ್ಟಕ್ಕಾಗಿ ಚೀಲ ತಂದಿಟ್ಟು ಕಮಟಿಸಬಾರದು, ನಾಲ್ಕು ಮನೆಯವರು ಹಂಚಿಕೊಳ್ಳಬೇಕು.

ಬೆಲೆಯ ಲೆಕ್ಕಕ್ಕೆ ಒಂದು ಸೂತ್ರ ಸಾಕು. ಮೇಲಿನ ಮಿಶ್ರಣದಲ್ಲಿ 5 ಕಿಲೋ ಹುಳುಪುಡಿ ಹೊತ್ತಿರುವುದು ಸುಮಾರು 7 ಕಿಲೋ ಸೋಯಾ ಹಿಂಡಿಯ ಕೆಲಸವನ್ನು. ಅಂದರೆ ಎಣ್ಣೆ ತೆಗೆದ ಹುಳುಪುಡಿಗೆ ಸೋಯಾ ಹಿಂಡಿಯ ದರಕ್ಕಿಂತ ಕಾಲುಪಾಲು ಹೆಚ್ಚು ಕೊಡಬಹುದು. ಕೈಟಿನ್ನಿನ ಪಾಲನ್ನು ಕಳೆದೇ ಈ ಮಾತು ಹೇಳುತ್ತಿದ್ದೇನೆ. ಸೋಯಾ ಕಿಲೋಗೆ 50 ರೂಪಾಯಿ ಇದ್ದರೆ ಹುಳುಪುಡಿಗೆ 62 ರೂಪಾಯಿವರೆಗೆ ಲಾಭ, ಅದನ್ನು ಮೀರಿದರೆ ಪರಿಸರದ ಮೇಲಿನ ಪ್ರೀತಿಯಿಂದ ಕೊಳ್ಳಬೇಕಷ್ಟೆ. ಎಣ್ಣೆ ತೆಗೆಯದ ಪುಡಿಗೆ ಸೋಯಾದ ದರಕ್ಕಿಂತ ಒಂದು ಪೈಸೆಯನ್ನೂ ಹೆಚ್ಚು ಕೊಡಬೇಡಿ. ಅದರ ಎಣ್ಣೆಯಿಂದ ಕೋಳಿಗೆ ಶಕ್ತಿ ಸಿಗುತ್ತದೆ ಎಂಬುದು ಸರಿಯೇ, ಆದರೆ ಕೆಡುವ ಅಪಾಯವನ್ನು ನೀವು ಹೊರುತ್ತಿದ್ದೀರಿ. ಹೊಸ ಆಹಾರಕ್ಕೆ ಬದಲಾಯಿಸುವಾಗ ಹಳೆಯದನ್ನು ಒಂದೇ ದಿನ ನಿಲ್ಲಿಸದೆ ಹತ್ತು ದಿನದಲ್ಲಿ ಸ್ವಲ್ಪಸ್ವಲ್ಪವೇ ಬೆರೆಸುತ್ತಾ ಹೋಗಿ. ಮೂರನೇ ವಾರ ನಾಲ್ಕು ಮೊಟ್ಟೆ ಬೇಯಿಸಿ, ಯಾವುದು ಯಾವುದೆಂದು ಹೇಳದೆ ಅಂಗಡಿಯ ಮೊಟ್ಟೆಯ ಜೊತೆ ಮನೆಯವರ ಮುಂದಿಡಿ. ಹಳದಿಯ ವಾಸನೆಯಲ್ಲಿ ಯಾರೂ ವ್ಯತ್ಯಾಸ ಹಿಡಿಯದಿದ್ದರೆ ನಿಮ್ಮ ಮಾಲು ಸರಿಯಿದೆ.

ಹುಳು ತಿಂದ ಕೋಳಿಯ ಮೊಟ್ಟೆಯೇ ಎಂದು ಮುಖ ಸಿಂಡರಿಸುವವರಿದ್ದಾರೆ. ನಾಟಿಕೋಳಿಯ ಮೊಟ್ಟೆಗೆ ಎರಡರಷ್ಟು ಹಣ ಕೊಟ್ಟು ಹುಡುಕಿ ತರುವವರೂ ಇವರೇ. ಆ ಕೋಳಿ ತಿಪ್ಪೆ ಕೆದರಿ ತಿನ್ನುವುದೇನನ್ನು? ಗೆದ್ದಲಹುತ್ತ ಒಡೆದು ಮರಿಗಳಿಗೆ ಹಾಕುವುದು ನಮ್ಮ ಹಳ್ಳಿಗಳಲ್ಲಿ ಎಂದಿನಿಂದಲೋ ಇರುವ ರೂಢಿ. ಸಸ್ಯಾಹಾರವನ್ನಷ್ಟೇ ತಿಂದ ಕೋಳಿಯ ಮೊಟ್ಟೆಯೆಂದು ಹೆಚ್ಚು ಬೆಲೆಗೆ ಮಾರುವ ಬ್ರಾಂಡುಗಳಿವೆ, ಆ ಗಿರಾಕಿಗಳಿಗೆ ಮಾರುವವರು ಹುಳುಪುಡಿ ಬಳಸಬಾರದು, ಬಳಸಿ ಮುಚ್ಚಿಡಲಂತೂ ಬಾರದು. ಆದರೆ ಸತ್ತ ಹುಳುವಿನ ಬಗೆಗಿನ ನೈತಿಕ ಪ್ರಶ್ನೆ ಎದ್ದರೆ ಅದನ್ನು ಕೇಳಬೇಕಾದದ್ದು ಸೀರೆಯಂಗಡಿಯಲ್ಲಿ. ಗೂಡು ಬೇಯುವುದು ಕೋಳಿಗಾಗಿ ಅಲ್ಲ.

ಇದಕ್ಕಿಂತ ತೂಕದ ಆಕ್ಷೇಪ ವಿಷದ್ದು. ಹಿಪ್ಪುನೇರಳೆಗೆ ಔಷಧಿ ಹೊಡೆಯುತ್ತಾರಲ್ಲ, ಅದು ಹುಳುವಿನ ಮೂಲಕ ಮೊಟ್ಟೆಗೆ ಬರುವುದಿಲ್ಲವೇ? ಇಲ್ಲಿ ರೇಷ್ಮೆ ಹುಳುವೇ ನಮ್ಮ ಕಾವಲುಗಾರ. ಕೀಟನಾಶಕದ ಸೋಂಕಿಗೆ ಇಷ್ಟು ಬೇಗ ಸಾಯುವ ಸಾಕುಜೀವಿಗಳು ಕಡಿಮೆ. ಔಷಧಿ ಹೊಡೆದ ತೋಟದ ಸೊಪ್ಪನ್ನು ದಿನ ಎಣಿಸಿಯೇ ಕೊಯ್ಯುವುದು, ಹೊಗೆಸೊಪ್ಪಿನ ಹೊಲದ ಪಕ್ಕ ಹಿಪ್ಪುನೇರಳೆ ಬೇಡ ಎನ್ನುವುದು ಎಲ್ಲ ಈ ಭಯಕ್ಕೇ. ಗೂಡು ಕಟ್ಟುವವರೆಗೆ ಬದುಕಿದ ಹುಳು ಒಂದು ಮಟ್ಟದ ಪರೀಕ್ಷೆ ಪಾಸಾದ ಹುಳು. ಹಾಲುತೊಂಡೆ, ಸುಣ್ಣಕಟ್ಟು, ಗಂಟುರೋಗ ಮುಂತಾದ ಹುಳುವಿನ ಕಾಯಿಲೆಗಳು ಕೋಳಿಗೆ ತಗಲುವುದಿಲ್ಲ. ಆದರೆ ಉಲ್ಟಾ ಅಪಾಯವೊಂದಿದೆ. ಹುಳು ಸಾಕುವ ಮನೆಯಲ್ಲೇ ಕೋಳಿಯೂ ಇದ್ದರೆ ರೋಗದಿಂದ ಸತ್ತ ಹಸಿಹುಳುವನ್ನು ಕೋಳಿಗೆ ಎಸೆಯಲೇಬಾರದು, ರೋಗಾಣು ಹಿಕ್ಕೆಯಲ್ಲಿ ಹೊರಬಿದ್ದು ಮತ್ತೆ ಹುಳುಮನೆ ಸೇರಬಹುದು. ಅಂಥ ಹುಳುವನ್ನು ಸುಡಬೇಕು ಇಲ್ಲವೇ ಸುಣ್ಣ ಹಾಕಿ ಹೂಳಬೇಕು. ಕೋಳಿಯ ಮಟ್ಟಿಗೆ ನಿಜವಾಗಿ ಹೆದರಬೇಕಾದದ್ದು ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾಕ್ಕೆ. ಅದು ಬರುವುದು ತೊಟ್ಟಿಯಿಂದಲ್ಲ, ರಸ್ತೆಬದಿಯಲ್ಲಿ ನೆಲದ ಮೇಲೆ ಹರಡಿ ನಾಯಿ, ಕಾಗೆ, ಇಲಿ ಓಡಾಡುವಂತೆ ಒಣಗಿಸಿದ್ದರಿಂದ. ಮತ್ತೆ ಒಣಗಿಸುವ ಜಾಗಕ್ಕೇ ಬಂದೆವು.

ಕೊನೆಯ ಆಕ್ಷೇಪ ಪ್ರಮಾಣದ್ದು, ಅದನ್ನು ಅಲ್ಲಗಳೆಯುವಂತಿಲ್ಲ. 2023-24ರಲ್ಲಿ ದೇಶದಲ್ಲಿ 14,277 ಕೋಟಿ ಮೊಟ್ಟೆ ಉತ್ಪಾದನೆಯಾಯಿತು. ಒಂದು ಮೊಟ್ಟೆಗೆ 130 ಗ್ರಾಂ ಆಹಾರ ಎಂದು ಹಿಡಿದು, ಅದರಲ್ಲಿ ನೂರಕ್ಕೆ ಐದು ಹುಳುಪುಡಿ ಬೆರೆಸುವುದಾದರೆ ವರ್ಷಕ್ಕೆ ಒಂಬತ್ತು ಲಕ್ಷ ಟನ್ ಬೇಕು. 2022-23ರಲ್ಲಿ ದೇಶದ ಎಲ್ಲ ಬಗೆಯ ರೇಷ್ಮೆ ಸೇರಿ 36 ಸಾವಿರ ಟನ್ ದಾಟಿತ್ತು. ಅದರ ಒಣಹುಳು ಎಪ್ಪತ್ತು ಸಾವಿರ ಟನ್ನಿನ ಸುತ್ತ, ಬೇಡಿಕೆಯ ಹನ್ನೆರಡರಲ್ಲಿ ಒಂದು ಪಾಲು. ದೇಶಕ್ಕೆ ಇದು ಪರಿಹಾರವಲ್ಲ. ಕರ್ನಾಟಕಕ್ಕೆ ಮಾತ್ರ ಲೆಕ್ಕ ಬೇರೆ. ಅದೇ ವರ್ಷ ರಾಜ್ಯದ ಕಚ್ಚಾ ರೇಷ್ಮೆ 11 ಸಾವಿರ ಟನ್ನಿಗೂ ಹೆಚ್ಚು. ಅದರಿಂದ ಬರುವ 22 ಸಾವಿರ ಟನ್ ಒಣಹುಳುವಿನ ಎಣ್ಣೆ ತೆಗೆದರೆ 16 ಸಾವಿರ ಟನ್ ಹಿಂಡಿ, ಅದು ಸುಮಾರು 80 ಲಕ್ಷ ಕೋಳಿಗಳಿಗೆ ವರ್ಷವಿಡೀ ಸಾಕು. ಒಂದು ಪಾಲು ಈಗಾಗಲೇ ಮೀನು ಮತ್ತು ಕೋಳಿ ಆಹಾರದ ವ್ಯಾಪಾರಿಗಳ ಪಾಲಾಗುತ್ತಿದೆ, ಇನ್ನೊಂದು ಪಾಲು ಕೊಳೆತು ಗೊಬ್ಬರವಾಗುತ್ತಿದೆ. ಬಿಚ್ಚಾಣಿಕೆಯ ಕೇಂದ್ರಗಳ ಪಕ್ಕದಲ್ಲೇ ಹಂಚಿಕೊಂಡು ಬಳಸುವ ಒಣಗಿಸುವ ಯಂತ್ರವೊಂದು ಇದ್ದರೆ, ಕೊಳೆಯುವ ಪಾಲು ಆಹಾರದ ಪಾಲಾಗುತ್ತದೆ. ಗೂಡು ಒಣಗಿಸುವ ಬಿಸಿಗಾಳಿ ಯಂತ್ರಗಳ ಪರಿಚಯ ಬಿಚ್ಚಾಣಿಕೆದಾರರಿಗೆ ಈಗಾಗಲೇ ಇದೆ, ಹೊಸ ವಿದ್ಯೆಯೇನೂ ಬೇಕಿಲ್ಲ.

ಹಾಗಾದರೆ ಎಲ್ಲರೂ ಹೊಗಳುವ ಕಪ್ಪು ಸೈನಿಕ ನೊಣ? ತರಕಾರಿ ಕಸದ ಮೇಲೆ ಎರಡು ಮೂರು ವಾರದಲ್ಲಿ ಬೆಳೆಯುವ ಅದರ ಮರಿಹುಳುವಿನಲ್ಲಿ ನೂರಕ್ಕೆ ನಲವತ್ತು ಪ್ರೋಟೀನ್, ಜೊತೆಗೆ ರೇಷ್ಮೆ ಹುಳುವಿನಲ್ಲಿ ಅಷ್ಟಾಗಿ ಇಲ್ಲದ ಸುಣ್ಣದಂಶವಿದೆ. ಬೆಳೆದ ನೊಣಕ್ಕೆ ಆಹಾರ ಬೇಕೇಬೇಕೆಂದಿಲ್ಲ, ಅದು ಮನೆನೊಣದಂತೆ ಅನ್ನದ ಮೇಲೆ ಕೂರುವುದಿಲ್ಲ. ಹಿತ್ತಿಲಲ್ಲಿ ಡ್ರಮ್ಮೊಂದನ್ನು ಇಟ್ಟು, ಹುಳುವನ್ನು ಬಿಸಿನೀರಿಗೆ ಅದ್ದಿ ಕೋಳಿಗೆ ಹಾಕುವುದಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ಆ ಹುಳು ಕಸದಲ್ಲಿರುವ ಕ್ಯಾಡ್ಮಿಯಂನಂಥ ಲೋಹವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಆದ್ದರಿಂದ ವಿಂಗಡಿಸದ ಬೀದಿಕಸ, ಮಾಂಸದಂಗಡಿಯ ಕಸ ಅದಕ್ಕೆ ಹಾಕಬಾರದು. ಯುರೋಪಿನಲ್ಲಂತೂ ಹೋಟೆಲಿನ ಮುಸುರೆಯನ್ನೂ ಗೊಬ್ಬರವನ್ನೂ ತಿನ್ನಿಸಿ ಬೆಳೆಸಿದ ಹುಳು ಆಹಾರಕ್ಕೆ ನಿಷಿದ್ಧ. ಹಿಪ್ಪುನೇರಳೆ ಸೊಪ್ಪನ್ನು ಬಿಟ್ಟು ಬೇರೇನನ್ನೂ ಮುಟ್ಟದ ಹುಳು ಕೈಗೆಟುಕುವಲ್ಲಿ ಇರುವಾಗ, ಇದನ್ನು ಎರಡನೆಯ ಸಾಲಿನಲ್ಲಿ ಇಡುವುದೇ ವಾಸಿ.

ಇನ್ನು ಕೊಳ್ಳುವ ಕಾಲ. ಜನವರಿಯಿಂದ ಮೇ ವರೆಗಿನ ಬಿಸಿಲಿನಲ್ಲಿ ಒಣಗಿದ ಹುಳು ಒಳ್ಳೆಯದು. ಜೂನಿನಿಂದ ಅಕ್ಟೋಬರಿನ ತನಕ ಯಂತ್ರದಲ್ಲಿ ಒಣಗಿಸಿದ್ದು ಎಂದು ಖಾತ್ರಿಯಿಲ್ಲದ ಮಾಲನ್ನು ಕೊಳ್ಳಬೇಡಿ. ಆ ಐದು ತಿಂಗಳು ಮಿಶ್ರಣದಲ್ಲಿ ಹುಳುಪುಡಿಯನ್ನು ಕೈಬಿಟ್ಟು, ಸೋಯಾ ಹಿಂಡಿಯನ್ನು 17ರಿಂದ 24 ಕಿಲೋಗೆ ಏರಿಸಿ, ಜೋಳದಲ್ಲಿ ಎರಡು ಕಿಲೋ ಇಳಿಸಿ, ಮೆಥಿಯೋನಿನ್ ಇರುವ ಖನಿಜ ಮಿಶ್ರಣವನ್ನು ಆರಿಸಿಕೊಳ್ಳಿ. ಜಂಬೂಸವಾರಿ ಬನ್ನಿಮಂಟಪ ತಲುಪಿ, ಮಳೆ ಹಿಂದೆ ಸರಿದ ಮೇಲೆ ಮತ್ತೆ ಬಿಸಿನೀರಿನ ಲೋಟ ಹಿಡಿದು ಹೊಸ ಮಾಲನ್ನು ಪರೀಕ್ಷಿಸಬಹುದು.